ಕೆಳಗೆ ಸೋಮಾರಿ, ಮೇಲೆ ಉಸಿರುಕಟ್ಟು: 796 ಸಿಸಿ ಎಂಜಿನ್‌ನ ಎಳೆತ ಅಳೆದು ಸರಿಮಾಡಿದ ಲಾಗ್

ಗಾಡಿ: ಮಾರುತಿ ಆಲ್ಟೊ 800, 2014ರ ಪೆಟ್ರೋಲ್ ಮಾದರಿ, 5 ಗೇರ್, ಮೀಟರ್‌ನಲ್ಲಿ 94 ಸಾವಿರ ಕಿ.ಮೀ. ಓಡಾಟ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಸುತ್ತ. ಬೆಳೆ ಬಂದಾಗ ಹಿಂದಿನ ಸೀಟು ಮಡಿಸಿ ರೇಷ್ಮೆ ಗೂಡಿನ ಚೀಲ ತುಂಬಿಕೊಂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಿಬರುತ್ತದೆ. ದೂರು ಎರಡೇ ಪದದ್ದು: "ಗಾಡಿ ಎಳೀತಿಲ್ಲ." ಹಿಂದೆ ಆಗಿದ್ದ ಕೆಲಸ: ಮೂರು ಹೊಸ ಪ್ಲಗ್, ಕಾಯಿಲ್, ಇಂಜೆಕ್ಟರ್ ಕ್ಲೀನಿಂಗ್. ಯಾವುದರಿಂದಲೂ ಗುಣ ಕಂಡಿಲ್ಲ.

"ಎಳೀತಿಲ್ಲ" ಅಂದಾಗ ಮೊದಲು ಕೇಳಬೇಕಾದದ್ದು, ಎಷ್ಟು ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಂಜಿನ್ ಸುತ್ತುವ ಸುತ್ತು) ಎಳೀತಿಲ್ಲ ಅಂತ. 2,000ದಲ್ಲಿ ಸೋಮಾರಿಯಾಗುವ ಎಂಜಿನ್‌ನ ಕಾಯಿಲೆ ಬೇರೆ, 4,500 ದಾಟಿದರೆ ಉಸಿರು ಕಟ್ಟುವ ಎಂಜಿನ್‌ನ ಕಾಯಿಲೆ ಬೇರೆ. ಇದನ್ನು ಬಿಡಿಸದೆ ಸಾಮಾನು ಬದಲಿಸುತ್ತ ಹೋದರೆ ಮೇಲೆ ಹೇಳಿದ ಹಾಗೆ ಪ್ಲಗ್ ಕಾಯಿಲ್‌ಗಳಿಗೆ ದುಡ್ಡು ಸುರಿದದ್ದೇ ಬರುತ್ತದೆ. ಹಾಗಾಗಿ ಇಲ್ಲಿ ಎಂಜಿನ್ ಬಿಚ್ಚುವ ಮುಂಚೆಯೇ ಎಳೆತವನ್ನು ಅಳೆಯಲಾಯಿತು.

ಕಾಗದದ ಮೇಲೆ ಈ ಎಂಜಿನ್ ಏನು ಕೊಡಬೇಕು

ಕಂಪನಿ ಹೇಳುವುದು ಎರಡು ಅಂಕಿ: 3,500 ಆರ್‌ಪಿಎಂನಲ್ಲಿ 69 ಎನ್‌ಎಂ (ನ್ಯೂಟನ್ ಮೀಟರ್) ಟಾರ್ಕ್, ಅಂದರೆ ತಿರುಗಿಸುವ ಬಲ, 6,000ದಲ್ಲಿ 48 ಪಿಎಸ್ ಪವರ್. ಎರಡನ್ನೂ ಒಂದೇ ತಕ್ಕಡಿಗೆ ತರುವ ಸೂತ್ರ ಇದು:

ಕಿಲೋವ್ಯಾಟ್ = ಟಾರ್ಕ್ (ಎನ್‌ಎಂ) × ಆರ್‌ಪಿಎಂ ÷ 9,549. ಒಂದು ಕಿಲೋವ್ಯಾಟ್ ಅಂದರೆ 1.36 ಪಿಎಸ್.

3,500ರಲ್ಲಿ 69 ಎನ್‌ಎಂ ಅಂದರೆ 25.3 ಕಿಲೋವ್ಯಾಟ್, ಸುಮಾರು 34 ಪಿಎಸ್. 6,000ದ 48 ಪಿಎಸ್‌ನಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಅಲ್ಲಿನ ಟಾರ್ಕ್ 56 ಎನ್‌ಎಂ ಮಾತ್ರ. 3,500ರಿಂದ 6,000ಕ್ಕೆ ಹೋಗುವಾಗ ಪ್ರತಿ ಸುತ್ತಿನ ತಳ್ಳು ಐದರಲ್ಲೊಂದು ಪಾಲು ಕಡಿಮೆಯಾಗುತ್ತದೆ. ಆದರೂ ನಿಮಿಷಕ್ಕೆ ಬೀಳುವ ತಳ್ಳುಗಳು ಜಾಸ್ತಿಯಾಗುವುದರಿಂದ ಪವರ್ ಶೇ. 40ರಷ್ಟು ಏರುತ್ತದೆ.

ಟಾರ್ಕ್ ನಡುವೆ ಗುಡ್ಡವಾಗಿ ಎರಡೂ ಕಡೆ ಇಳಿಯುವುದು ಏಕೆ ಅಂದರೆ, ಸಿಲಿಂಡರ್‌ಗೆ ಗಾಳಿ ತುಂಬುವ ಪ್ರಮಾಣ ಎಲ್ಲ ವೇಗದಲ್ಲೂ ಒಂದೇ ಇರುವುದಿಲ್ಲ. ಇನ್‌ಟೇಕ್ ವಾಲ್ವ್ ಮುಚ್ಚುವುದು ಪಿಸ್ಟನ್ ಕೆಳ ತುದಿ ಮುಟ್ಟಿ ಮೇಲಕ್ಕೆ ಹೊರಟ ಮೇಲೆ. ನಿಧಾನ ವೇಗದಲ್ಲಿ ಒಳಗೆ ಬಂದ ಗಾಳಿಯಲ್ಲಿ ಸ್ವಲ್ಪವನ್ನು ಪಿಸ್ಟನ್ನೇ ವಾಪಸ್ ತಳ್ಳಿಬಿಡುತ್ತದೆ. ನಡು ವೇಗದಲ್ಲಿ ಗಾಳಿ ತನ್ನ ಓಟದ ರಭಸದಲ್ಲೇ ನುಗ್ಗುತ್ತಿರುತ್ತದೆ, ತುಂಬಿಕೆ ಚೆನ್ನಾಗಿರುತ್ತದೆ. ಇನ್ನೂ ಮೇಲೆ ಹೋದರೆ ವಾಲ್ವ್ ಸಂದಿಯೇ ಇಕ್ಕಟ್ಟು, ತುಂಬಲು ಸಮಯವಿಲ್ಲ, ಜೊತೆಗೆ ಒಳಗಿನ ಘರ್ಷಣೆಯೂ ಏರುತ್ತದೆ.

ಸಿಲಿಂಡರ್‌ಗೆ ಎರಡೇ ವಾಲ್ವ್ ಇದ್ದ ಹಳೆ ಮಾರುತಿ 800ರ ಎಂಜಿನ್ನೂ 796 ಸಿಸಿಯದೇ, ಬೋರ್ 68.5 ಮಿ.ಮೀ., ಸ್ಟ್ರೋಕ್ 72 ಮಿ.ಮೀ. ಅದರ ಗರಿಷ್ಠ ಟಾರ್ಕ್ 59 ಎನ್‌ಎಂ, ಅದೂ 2,500ರಲ್ಲೇ. ಪವರ್ 5,000ದಲ್ಲಿ 37 ಬಿಎಚ್‌ಪಿ. ಅಂದರೆ 2,500ರ ಆಚೆ ಅದರ ಟಾರ್ಕ್ ಇನ್ನು ಏರುತ್ತಿರಲಿಲ್ಲ. ಆ ಗಾಡಿಯಲ್ಲಿ ಕಾಲು ಪಳಗಿದವರು ಆಲ್ಟೊದಲ್ಲೂ 2,500ಕ್ಕೇ ಗೇರ್ ಏರಿಸಿ, ನಾಲ್ಕು ವಾಲ್ವ್‌ನ ಹೆಡ್ ಬಿಚ್ಚಿಕೊಳ್ಳುವ ಜಾಗಕ್ಕೆ ಹೋಗುವುದೇ ಇಲ್ಲ. "ಹಳೇದೇ ವಾಸಿ" ಅನ್ನುವ ಮಾತಿನಲ್ಲಿ ಅರ್ಧ ಈ ಕಾಲಿನ ಅಭ್ಯಾಸ.

ನಮ್ಮ ಊರಿನ ಎತ್ತರ ಕಳೆಯಬೇಕು

ಕಂಪನಿಯ ಅಂಕಿ ಸಮುದ್ರಮಟ್ಟದ ಆಸುಪಾಸಿನ ಗಾಳಿಗೆ. ಚಿಕ್ಕಬಳ್ಳಾಪುರ ಸುಮಾರು 900 ಮೀಟರ್ ಎತ್ತರದಲ್ಲಿದೆ; ಗಾಳಿಯ ಒತ್ತಡ 101ರ ಬದಲು 91 ಕಿಲೋಪ್ಯಾಸ್ಕಲ್. ಟರ್ಬೊ ಇಲ್ಲದ ಎಂಜಿನ್‌ಗೆ ಇದು ನೇರ ಹೊಡೆತ, ಶೇ. 10ರಷ್ಟು. ಇಲ್ಲಿ ಆರೋಗ್ಯವಂತ ಎಂಜಿನ್‌ನಿಂದ ಬಯಸಬಹುದಾದದ್ದು 3,500ರಲ್ಲಿ 62 ಎನ್‌ಎಂ, 6,000ದಲ್ಲಿ 43 ಪಿಎಸ್. ನಂದಿ ಬೆಟ್ಟದ ತುದಿಯಲ್ಲಿ, 1,478 ಮೀಟರ್‌ಗೆ, ಒತ್ತಡ 85ಕ್ಕೆ ಇಳಿಯುತ್ತದೆ. ಇದನ್ನು ಗಾಡಿಯೇ ತೋರಿಸುತ್ತದೆ: ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಮ್ಯಾಪ್ ಸೆನ್ಸರ್ (ಎಂಜಿನ್‌ಗೆ ಗಾಳಿ ಹೋಗುವ ದಾರಿಯ ಒತ್ತಡ ಅಳೆಯುವುದು) ಓದಿದರೆ ಹೊರಗಿನ ಗಾಳಿಯ ಒತ್ತಡವೇ ಬರುತ್ತದೆ. ಈ ಗಾಡಿಯಲ್ಲಿ 91 ಬಂತು, ಸೆನ್ಸರ್ ಸರಿಯಿದೆ. 101 ಬರಬೇಕೆಂದು ಚಾರ್ಟ್ ನೋಡಿ ಇಲ್ಲಿ ಒಳ್ಳೆಯ ಸೆನ್ಸರ್ ಕಿತ್ತು ಬಿಸಾಡಿದರೆ ಅದು ಊರಿನ ತಪ್ಪಲ್ಲ. ವ್ಯಾಕ್ಯೂಮ್ ಗೇಜ್ ಇಟ್ಟುಕೊಂಡವರು ಐಡಲ್‌ನಲ್ಲಿ 18ರಿಂದ 21 ಇಂಚು ಎಂಬ ಚಾರ್ಟಿನ ಅಂಕಿಯಿಂದಲೂ ಸುಮಾರು 3 ಇಂಚು ಕಳೆಯಬೇಕು.

ಅಳತೆ

ಬೇಕಾದದ್ದು: ಸ್ಟಿಯರಿಂಗ್ ಕೆಳಗಿನ 16 ಪಿನ್ ಸಾಕೆಟ್‌ಗೆ ಹಾಕುವ ಬ್ಲೂಟೂತ್ ಒಬಿಡಿ ಅಡಾಪ್ಟರ್ (ಎಂಜಿನ್ ಕಂಪ್ಯೂಟರ್‌ನ ಅಂಕಿ ಓದುವ ಸಾಧನ), ಲಾಗ್ ಬರೆದಿಡುವ ಮೊಬೈಲ್ ಆ್ಯಪ್, ಓಡಿಸಲು ಒಬ್ಬರು, ಮೊಬೈಲ್ ಹಿಡಿಯಲು ಇನ್ನೊಬ್ಬರು. ಗಾಡಿಯನ್ನು ಇಬ್ಬರನ್ನೂ ಕೂರಿಸಿಕೊಂಡೇ ವೇಬ್ರಿಡ್ಜ್ ಮೇಲೆ ಹತ್ತಿಸಬೇಕು. ಇಲ್ಲಿ ಬಂದ ತೂಕ 865 ಕಿ.ಗ್ರಾಂ. ಕ್ಯಾಟಲಾಗ್ ತೂಕ ಹಾಕಿದರೆ ಲೆಕ್ಕ ನೂರು ಕಿಲೋ ಮೇಲೆ ತಪ್ಪುತ್ತದೆ.

ಲಾಗ್‌ಗೆ ಆರ್‌ಪಿಎಂ ಒಂದನ್ನೇ ಆರಿಸಿ. ಅಗ್ಗದ ಅಡಾಪ್ಟರ್‌ಗಳಿಗೆ ಆರು ಅಂಕಿ ಒಟ್ಟಿಗೆ ಕೇಳಿದರೆ ಒಂದೊಂದೂ ಸೆಕೆಂಡಿಗೊಮ್ಮೆ ಬರುತ್ತದೆ, ಅದರಿಂದ ಏನೂ ಹೊರಡಲ್ಲ. ವೇಗವನ್ನು ಆರ್‌ಪಿಎಂನಿಂದಲೇ ಪಡೆಯಬಹುದು. ಒಂದೊಂದು ಗೇರ್‌ನಲ್ಲೂ ಸಮವೇಗದಲ್ಲಿ ಓಡಿಸಿ ಜಿಪಿಎಸ್ ವೇಗದಿಂದ ಆರ್‌ಪಿಎಂ ಭಾಗಿಸಿದರೆ ಒಂದು ಸ್ಥಿರಾಂಕ ಸಿಗುತ್ತದೆ. ಈ ಗಾಡಿಗೆ ಸಿಕ್ಕದ್ದು ಮೂರನೇ ಗೇರ್‌ನಲ್ಲಿ ಗಂಟೆಗೆ 1 ಕಿ.ಮೀ.ಗೆ 56 ಆರ್‌ಪಿಎಂ, ಎರಡನೇದರಲ್ಲಿ 85. ಡ್ಯಾಶ್‌ಬೋರ್ಡ್ ಮುಳ್ಳು ನಂಬಬೇಡಿ, ಅದು ಸಾಮಾನ್ಯವಾಗಿ ಹೆಚ್ಚೇ ತೋರಿಸುತ್ತದೆ. ಇದೇ ಸ್ಥಿರಾಂಕ ಕ್ಲಚ್ ಪರೀಕ್ಷೆಯೂ ಹೌದು: ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ 56 ಇದ್ದದ್ದು 60, 62 ಆದರೆ ಕ್ಲಚ್ ಜಾರುತ್ತಿದೆ, ಎಂಜಿನ್ ಬಿಚ್ಚುವ ಕೆಲಸವೇ ಇಲ್ಲ. ಇಲ್ಲಿ ಜಾರಲಿಲ್ಲ.

ಓಟ: ಮೂರನೇ ಗೇರ್‌ನಲ್ಲಿ 1,500ರಿಂದ 4,000, ಎರಡನೇ ಗೇರ್‌ನಲ್ಲಿ 3,500ರಿಂದ 5,500. ಹೀಗೆ ಮಾಡಿದರೆ ವೇಗ ಗಂಟೆಗೆ 72 ಕಿ.ಮೀ. ದಾಟುವುದಿಲ್ಲ. ರಾಷ್ಟ್ರೀಯ ಹೆದ್ದಾರಿ 44ಕ್ಕೆ ಇಳಿಯಬೇಕಾಗಿಲ್ಲ, ಇಳಿಯಲೂಬಾರದು. ಜನ ದನ ಇಲ್ಲದ ಕಡೆ, ಕಣ್ಣಿಗೆ ಪೂರ್ತಿ ಕಾಣುವ ನೇರ ರಸ್ತೆ ಬೇಕು. ಈ ಸೀಮೆಯಲ್ಲಿ ಮಟ್ಟಸ ರಸ್ತೆ ಸಿಗುವುದು ಕಷ್ಟ, ಕಣ್ಣಿಗೆ ಸಮ ಕಂಡದ್ದೂ ಓರೆಯಿರುತ್ತದೆ. ಅದಕ್ಕೇ ಪ್ರತಿ ಓಟವನ್ನೂ ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ ಮಾಡಿ ಸರಾಸರಿ ತೆಗೆಯಬೇಕು. ರಿಪೇರಿಗೆ ಮುಂಚಿನದೂ ಆಮೇಲಿನದೂ ದಿನದ ಒಂದೇ ಹೊತ್ತಿನಲ್ಲಿ ಇರಲಿ: ಬೆಳಗಿನ 18 ಡಿಗ್ರಿಗೂ ಮಧ್ಯಾಹ್ನದ 35 ಡಿಗ್ರಿಗೂ ಗಾಳಿಯ ಸಾಂದ್ರತೆಯಲ್ಲೇ ಶೇ. 5ಕ್ಕೂ ಹೆಚ್ಚು ವ್ಯತ್ಯಾಸವಿದೆ. ಏನೂ ಮಾಡದೆ ಬೆಳಿಗ್ಗೆ ಓಡಿಸಿ "ಪಿಕಪ್ ಬಂತು" ಅನ್ನಿಸಿಕೊಳ್ಳುವುದು ಹೀಗೆಯೇ.

ಓಟದ ಜೊತೆ ನ್ಯೂಟ್ರಲ್‌ನಲ್ಲಿ ಬಿಟ್ಟು ವೇಗ ತಾನಾಗಿ ಇಳಿಯುವ ಸಮಯವನ್ನೂ ಬರೆದುಕೊಳ್ಳಬೇಕು. ಇಲ್ಲಿ ಮಾತ್ರ ಜಿಪಿಎಸ್ ವೇಗವೇ ಗತಿ. ಟೈರ್, ಗಾಳಿ, ಬೇರಿಂಗ್ ಎಷ್ಟು ತಿನ್ನುತ್ತವೆ ಎಂಬುದು ಅದರಿಂದ ತಿಳಿಯುತ್ತದೆ. ಕೊನೆಯ ಓಟದ ಒಂದು ತುಂಡು ಉದಾಹರಣೆಗೆ. ಮೂರನೇ ಗೇರ್‌ನಲ್ಲಿ 45ರಿಂದ 55 ಕಿ.ಮೀ.ಗೆ ಏರಲು 2.65 ಸೆಕೆಂಡ್, ನ್ಯೂಟ್ರಲ್‌ನಲ್ಲಿ 55ರಿಂದ 45ಕ್ಕೆ ಇಳಿಯಲು 14 ಸೆಕೆಂಡ್. 10 ಕಿ.ಮೀ. ಅಂದರೆ ಸೆಕೆಂಡಿಗೆ 2.78 ಮೀಟರ್. ಏರುವ ವೇಗೋತ್ಕರ್ಷ 1.05, ತೂಕಕ್ಕೆ ತಿರುಗುವ ಭಾಗಗಳ ಲೆಕ್ಕದಲ್ಲಿ ಶೇ. 7 ಸೇರಿಸಿದರೆ ಸುಮಾರು 925 ಕಿ.ಗ್ರಾಂ.; ಗುಣಿಸಿದರೆ 970 ನ್ಯೂಟನ್. ಇಳಿಕೆಯಿಂದ ಬಂದದ್ದು 176 ನ್ಯೂಟನ್. ಕೂಡಿದರೆ 1,146. 50 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 13.9 ಮೀಟರ್, ಹಾಗಾಗಿ ಚಕ್ರದಲ್ಲಿ 15.9 ಕಿಲೋವ್ಯಾಟ್. ಗೇರ್‌ಬಾಕ್ಸ್‌ಗೆ ಶೇ. 10 ಬಿಟ್ಟರೆ ಎಂಜಿನ್‌ನಲ್ಲಿ 17.7. ಆಗ ಆರ್‌ಪಿಎಂ 2,800, ಟಾರ್ಕ್ 60 ಎನ್‌ಎಂ.

ಎರಡನೇ ಗೇರ್‌ನಲ್ಲಿ ತಿರುಗುವ ಭಾಗಗಳಿಗೆ ಶೇ. 7ರ ಬದಲು 12 ಹಾಕಿದ್ದು. ಈ ಅಂದಾಜು ಸರಿಯೇ ಎಂದು ತಿಳಿಯಲು ಎರಡೂ ಗೇರ್ ಓಟಗಳು 3,500ರಿಂದ 4,000ದವರೆಗೆ ಒಂದರ ಮೇಲೊಂದು ಬರುವ ಹಾಗೆ ಮಾಡಿದ್ದು. ಎರಡರ ಉತ್ತರ ಶೇ. 5ರೊಳಗೆ ಕೂಡಿಬರಬೇಕು. ಡೈನೊ (ಗಾಡಿಯನ್ನು ರೋಲರ್ ಮೇಲೆ ಓಡಿಸಿ ಪವರ್ ಅಳೆಯುವ ಯಂತ್ರ) ಕೊಡುವ ನಿಖರತೆ ಇದರಲ್ಲಿ ಇಲ್ಲ. ಆದರೆ ಅದೇ ಗಾಡಿ, ಅದೇ ರಸ್ತೆ, ಅದೇ ಇಬ್ಬರು ಇದ್ದಾಗ ಮುಂಚೆಗೂ ಆಮೇಲಿಗೂ ಹೋಲಿಸಲು ಧಾರಾಳ ಸಾಕು.

ಮೊದಲ ಓಟ

ಓಡಿಸುವ ಮುಂಚೆ ಒಂದು ಚಿಕ್ಕ ವಿಷಯ ಸಿಕ್ಕಿತು. ಪೆಡಲ್ ಪೂರ್ತಿ ಒತ್ತಿದಾಗ ಥ್ರಾಟಲ್ ಅಂಕಿ 71, ಥ್ರಾಟಲ್ ಬಾಡಿಯನ್ನು ಕೈಯಲ್ಲೇ ತಿರುಗಿಸಿದಾಗ 84. ಕಾರಣ, ಪೆಡಲ್ ಅಡಿಗೆ ಸರಿದಿದ್ದ ದಪ್ಪ ರಬ್ಬರ್ ಮ್ಯಾಟ್. ಮ್ಯಾಟ್ ತೆಗೆದು, ಕೇಬಲ್ ಸಡಿಲ ಸರಿಪಡಿಸಿ, ಆಮೇಲೆ ಅಳೆದದ್ದು:

2,000 ಆರ್‌ಪಿಎಂ: 44 ಎನ್‌ಎಂ
3,000: 53
4,000: 48
5,000: 36

5,000ದ 36 ಎನ್‌ಎಂ ಅಂದರೆ 25.6 ಪಿಎಸ್, 4,000ದಲ್ಲಿ 27.3 ಇತ್ತು. ಆರ್‌ಪಿಎಂ ಏರಿಸಿದರೆ ಪವರ್ ಇಳಿಯುತ್ತಿದೆ, ಬರುತ್ತಿರುವುದು ಸದ್ದು ಮಾತ್ರ. ಕೆಳಗೂ 10 ಎನ್‌ಎಂ ಹತ್ತಿರ ಕಡಿಮೆ. ಎರಡು ತುದಿಯಲ್ಲೂ ಪೆಟ್ಟು, ನಡುವೆ ಮಾತ್ರ ಒಂದಿಷ್ಟು ಜೀವ. ಎರಡು ಬೇರೆ ದೋಷ ಇರಬೇಕು ಅಂದುಕೊಂಡೇ ಮುಂದುವರಿದದ್ದು.

ಬಿಚ್ಚುವ ಮುಂಚೆ ಒಬಿಡಿಯಲ್ಲೇ ಕಳೆಯಬಹುದಾದದ್ದನ್ನು ಕಳೆದುಕೊಳ್ಳಬೇಕು. ಪೂರ್ತಿ ಥ್ರಾಟಲ್‌ನಲ್ಲಿ 5,000ಕ್ಕೆ ಮ್ಯಾಪ್ 87 ಇತ್ತು. ಹೊರಗಿನ ಗಾಳಿ 91 ಇರುವಾಗ 87 ಎಂದರೆ ಗಾಳಿ ಒಳಬರುವ ದಾರಿಯಲ್ಲಿ ದೊಡ್ಡ ತಡೆಯಿಲ್ಲ. ಏರ್ ಫಿಲ್ಟರ್ ಕೊಳೆಯಾಗಿಯೇ ಇತ್ತು (ಕ್ರಷರ್ ಪಕ್ಕದ ರಸ್ತೆಯಲ್ಲಿ ಓಡುವ ಗಾಡಿಗೆ ಪುಸ್ತಕದ ಕಿಲೋಮೀಟರ್ ಹಿಡಿಯಬಾರದು), ಬದಲಿಸಿದ ಮೇಲೆ 89 ಆಯಿತು. ಎರಡು ಕಿಲೋಪ್ಯಾಸ್ಕಲ್. ಎಲ್ಲರೂ ಮೊದಲು ಕೈ ಹಾಕುವ ಸಾಮಾನಿನಿಂದ ಸಿಕ್ಕದ್ದು ಅಷ್ಟೇ.

ಪೆಟ್ರೋಲ್ ಕಡೆ: ಫ್ಯೂಯಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಅಂಕಿ) ಎಲ್ಲ ವೇಗದಲ್ಲೂ ಪ್ಲಸ್ 3ರ ಒಳಗೆ, ಪೂರ್ತಿ ಥ್ರಾಟಲ್‌ನಲ್ಲಿ ಮುಂದಿನ ಆಕ್ಸಿಜನ್ ಸೆನ್ಸರ್ 0.85 ವೋಲ್ಟ್‌ನಲ್ಲಿ ನಿಂತಿತ್ತು. ಪೆಟ್ರೋಲ್ ಸಾಲದಿದ್ದರೆ ಅದು 0.1, 0.2ಕ್ಕೆ ಬೀಳುತ್ತದೆ. ಪಂಪ್ ಮುಟ್ಟಲಿಲ್ಲ. ಟ್ರಿಮ್ ಓದುವುದು ಹೀಗೆ: ಐಡಲ್‌ನಲ್ಲಿ ಹೆಚ್ಚಿದ್ದು ಆರ್‌ಪಿಎಂ ಏರಿದಂತೆ ಇಳಿದರೆ ಎಲ್ಲೋ ಗಾಳಿ ಸೋರಿ ಒಳಬರುತ್ತಿದೆ, ಲೋಡ್ ಏರಿದಂತೆ ಹೆಚ್ಚಿದರೆ ಪಂಪ್, ಫಿಲ್ಟರ್, ಇಂಜೆಕ್ಟರ್ ನೋಡಬೇಕು, ಟ್ರಿಮ್ ಸರಿಯಿದ್ದೂ ಪವರ್ ಇಲ್ಲದಿದ್ದರೆ ಕಾಯಿಲೆ ಮೆಕ್ಯಾನಿಕಲ್. ನೂರು ಆಕ್ಟೇನ್‌ನ ಪವರ್ ಪೆಟ್ರೋಲ್ ಹಾಕಿಸಿ ನೋಡಿ ಎನ್ನುವ ಸಲಹೆಗೆ ಇಲ್ಲಿ ಅರ್ಥವೇ ಇಲ್ಲ. ನಾಕಿಂಗ್ ಇಲ್ಲದ ಎಂಜಿನ್‌ಗೆ ಆಕ್ಟೇನ್ ಏರಿಸಿ ಬರುವುದೇನೂ ಇಲ್ಲ, ಅದರಲ್ಲೂ ಈ ಎತ್ತರದಲ್ಲಿ.

ಇನ್ನೊಂದು ಸುಳಿವು: ಮೆಮೊರಿಯಲ್ಲಿ ಪಿ0302 ಕೋಡ್ ಉಳಿದಿತ್ತು, ಎರಡನೇ ಸಿಲಿಂಡರ್ ಮಿಸ್‌ಫೈರ್. ಹಿಂದೆ ಪ್ಲಗ್, ಕಾಯಿಲ್ ಬದಲಾದದ್ದು ಬಹುಶಃ ಇದನ್ನೇ ನೋಡಿ. ಮಿಸ್‌ಫೈರ್ ಅಂದರೆ ಕಿಡಿಯೇ ಇಲ್ಲ ಎಂದಲ್ಲ. ಒತ್ತಡ ನಿಲ್ಲದ ಸಿಲಿಂಡರ್‌ನಲ್ಲಿ ಕಿಡಿ ಬಿದ್ದರೂ ಉಪಯೋಗವಿಲ್ಲ.

ಕಂಪ್ರೆಷನ್ ಮತ್ತು ಟ್ಯಾಪೆಟ್

ಎಂಜಿನ್ ಬಿಸಿಯಿರುವಾಗ, ಮೂರೂ ಪ್ಲಗ್ ತೆಗೆದು, ಪಂಪ್‌ನ ಫ್ಯೂಸ್ ಮತ್ತು ಕಾಯಿಲ್ ಕನೆಕ್ಟರ್ ಕಳಚಿ, ಥ್ರಾಟಲ್ ಪೂರ್ತಿ ತೆರೆದು, ಒಳ್ಳೆಯ ಬ್ಯಾಟರಿಯಲ್ಲಿ ಗೇಜ್ ಮುಳ್ಳು ಐದಾರು ಸಲ ಏರುವವರೆಗೆ ಕ್ರ್ಯಾಂಕ್ ಮಾಡಬೇಕು. ಥ್ರಾಟಲ್ ಮುಚ್ಚಿಕೊಂಡು ಮಾಡಿದರೆ ಮೂರೂ ಸಿಲಿಂಡರ್ ಕಡಿಮೆ ತೋರಿಸಿ ಒಳ್ಳೆಯ ಎಂಜಿನ್‌ಗೂ ರಿಂಗ್ ಕೆಲಸ ಬರುತ್ತದೆ. ಬಂದದ್ದು: ಒಂದನೇದು ಚದರ ಸೆಂ.ಮೀ.ಗೆ 11.2 ಕೆಜಿ, ಎರಡನೇದು 8.4, ಮೂರನೇದು 11.0. ಸಿಲಿಂಡರ್‌ಗಳ ನಡುವೆ 1 ಕೆಜಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಬಿಡುವಂತಿಲ್ಲ. ಎರಡನೇದಕ್ಕೆ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದಾಗ 8.6. ರಿಂಗ್ ಸವೆದಿದ್ದರೆ ಆಯಿಲ್ ಸಂದಿ ಮುಚ್ಚಿ ಮುಳ್ಳು ಚೆನ್ನಾಗಿ ಮೇಲೇರಬೇಕಿತ್ತು. ಏರಲಿಲ್ಲ, ಸೋರಿಕೆ ವಾಲ್ವ್‌ನಲ್ಲಿ. ಆ ಸಿಲಿಂಡರ್‌ನ ಪಿಸ್ಟನ್ನನ್ನು ಮೇಲೆ ನಿಲ್ಲಿಸಿ ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಬಿಟ್ಟಾಗ ಸೈಲೆನ್ಸರ್ ತುದಿಯಲ್ಲಿ ಬುಸ್ ಎಂದಿತು. ಎಕ್ಸಾಸ್ಟ್ ವಾಲ್ವ್.

ರಾತ್ರಿಯಿಡೀ ತಣ್ಣಗಾಗಲು ಬಿಟ್ಟು ಮರುದಿನ ಟ್ಯಾಪೆಟ್ ಕವರ್ ತೆಗೆಯಲಾಯಿತು. ಟ್ಯಾಪೆಟ್ ಗ್ಯಾಪ್ ಅಂದರೆ ವಾಲ್ವ್ ತುದಿಗೂ ಅದನ್ನು ಒತ್ತುವ ರಾಕರ್‌ಗೂ ನಡುವಿನ ಸಂದಿ; ಇದರಲ್ಲಿ ಅದನ್ನು ಹೊಂದಿಸಲು ರಾಕರ್ ಮೇಲೆ ಸ್ಕ್ರೂ ಮತ್ತು ಲಾಕ್ ನಟ್. ಎರಡನೇ ಸಿಲಿಂಡರ್‌ನ ಒಂದು ಎಕ್ಸಾಸ್ಟ್ ವಾಲ್ವ್‌ಗೆ ಗ್ಯಾಪ್ ಇರಲೇ ಇಲ್ಲ, ಅತಿ ತೆಳು ಫೀಲರ್ (ಸಂದಿ ಅಳೆಯುವ ತಗಡಿನ ಪಟ್ಟಿ) ಕೂಡ ಹೋಗಲಿಲ್ಲ. ಉಳಿದ ಎಕ್ಸಾಸ್ಟ್ ವಾಲ್ವ್‌ಗಳೂ ಮ್ಯಾನ್ಯುವಲ್ ಹೇಳಿದ್ದಕ್ಕಿಂತ 0.05ರಿಂದ 0.08 ಮಿ.ಮೀ. ಬಿಗಿ. ವಾಲ್ವ್ ಮುಖ ಮತ್ತು ಸೀಟು ಸವೆದಂತೆ ವಾಲ್ವ್ ಮೇಲೇರಿ ಗ್ಯಾಪ್ ತಾನಾಗಿಯೇ ಕಿರಿದಾಗುತ್ತದೆ. ಸಡಿಲ ಟ್ಯಾಪೆಟ್ ಟಕಟಕ ಅಂದು ತಾನೇ ಕರೆಯುತ್ತದೆ. ಬಿಗಿಯಾದದ್ದು ಸದ್ದೇ ಮಾಡುವುದಿಲ್ಲ, ಬಿಸಿಯಾದಾಗ ವಾಲ್ವ್ ಪೂರ್ತಿ ಕೂರಲು ಬಿಡದೆ ಮೆಲ್ಲಗೆ ಸುಡುತ್ತದೆ. 94 ಸಾವಿರದಲ್ಲಿ ಒಮ್ಮೆಯೂ ಕವರ್ ತೆಗೆದ ಗುರುತಿರಲಿಲ್ಲ.

ಸೆಟ್ ಮಾಡಿದ ಕ್ರಮ: ಕ್ರ್ಯಾಂಕ್ ಪುಲ್ಲಿ ಬೋಲ್ಟ್‌ಗೆ ಸಾಕೆಟ್ ಹಾಕಿ ಎಂಜಿನ್ ತಿರುಗುವ ದಿಕ್ಕಿಗೇ ತಿರುಗಿಸುವುದು, ಹಿಂದಕ್ಕಲ್ಲ. ಒಂದನೇ ಸಿಲಿಂಡರ್ ಕಂಪ್ರೆಷನ್‌ನ ಮೇಲ್ತುದಿಗೆ ಬಂದಾಗ ಅದರ ವಾಲ್ವ್‌ಗಳು; ಅಲ್ಲಿಂದ ಮೂರನೇ ಎರಡು ಸುತ್ತು, ಅಂದರೆ 240 ಡಿಗ್ರಿ, ತಿರುಗಿಸಿ ಮೂರನೇ ಸಿಲಿಂಡರ್; ಮತ್ತೆ 240 ತಿರುಗಿಸಿ ಎರಡನೇದು. ಫೈರಿಂಗ್ ಆರ್ಡರ್ 1-3-2. ಫೀಲರ್ ಎಳೆದಾಗ ಸ್ವಲ್ಪ ಹಿಡಿದು ಬರಬೇಕು. ಲಾಕ್ ನಟ್ ಬಿಗಿಯುವಾಗ ಸ್ಕ್ರೂ ಜೊತೆಗೆ ತಿರುಗಿ ಗ್ಯಾಪ್ ಕದಲುತ್ತದೆ, ಆದ್ದರಿಂದ ಬಿಗಿದ ಮೇಲೆ ಎರಡನೇ ಸಲ ಅಳೆಯಲೇಬೇಕು. ಇದನ್ನು ಬಿಟ್ಟವರ ಕೆಲಸ ವಾರದೊಳಗೆ ವಾಪಸ್ ಬರುತ್ತದೆ. ಗ್ಯಾಪ್‌ನ ಅಂಕಿ ಆ ವರ್ಷದ ಮಾದರಿಯ ಸರ್ವಿಸ್ ಮ್ಯಾನ್ಯುವಲ್‌ನಿಂದಲೇ ತೆಗೆದುಕೊಳ್ಳಿ. ಬೇರೆ ಮಾರುತಿಯದು "ಎಲ್ಲಾ ಒಂದೇ" ಅಂತ ಹಾಕಬಾರದು. ಇನ್‌ಟೇಕ್‌ಗೂ ಎಕ್ಸಾಸ್ಟ್‌ಗೂ ಬೇರೆಬೇರೆ ಇರಬಹುದು.

ಕವರ್ ತೆಗೆದಿರುವಾಗಲೇ ಟೈಮಿಂಗ್ ಬೆಲ್ಟ್ ಗುರುತುಗಳನ್ನೂ ನೋಡಿದ್ದು. ಬೆಲ್ಟ್ ಒಂದು ಹಲ್ಲು ತಪ್ಪಿದರೆ ಕ್ರ್ಯಾಂಕ್ ಲೆಕ್ಕದಲ್ಲಿ ಹದಿನೈದು ಡಿಗ್ರಿಯ ಆಸುಪಾಸು ವ್ಯತ್ಯಾಸ. ಕ್ಯಾಮ್ (ವಾಲ್ವ್‌ಗಳನ್ನು ತೆರೆಯುವ ದಂಡ) ಹಿಂದೆ ಬಿದ್ದರೆ ಕೆಳಗಿನ ಎಳೆತ ಸಾಯುತ್ತದೆ, ಮೇಲೆ ಅಷ್ಟಾಗಿ ಗೊತ್ತಾಗುವುದಿಲ್ಲ; ಮುಂದೆ ಹೋದರೆ ತದ್ವಿರುದ್ಧ. ಇಲ್ಲಿ ಗುರುತುಗಳು ಕೂಡಿದ್ದವು. ಹೊಸ ಪ್ಯಾಕಿಂಗ್ ಹಾಕಿ ಕವರ್ ಮುಚ್ಚಿ ಕಂಪ್ರೆಷನ್ ನೋಡಿದರೆ ಎರಡನೇದು 10.4. ವಾಲ್ವ್ ಪೂರ್ತಿ ಸುಟ್ಟಿರಲಿಲ್ಲ. ಗ್ಯಾಪ್ ಕೊಟ್ಟ ಮೇಲೂ 8ರಲ್ಲೇ ಇದ್ದಿದ್ದರೆ ಹೆಡ್ ಇಳಿಸುವುದು ಬಿಟ್ಟು ದಾರಿಯಿರಲಿಲ್ಲ. ಪ್ಲಗ್ ಹಾಕುವಾಗ ಕೈಯಲ್ಲೇ ಕೊನೆಯವರೆಗೆ ತಿರುಗಿಸಿ, ವಾಷರ್ ಇರುವ ಹೊಸ ಪ್ಲಗ್ ಆದರೆ ಅರ್ಧ ಸುತ್ತು, ಹಳೇದಾದರೆ ಹನ್ನೆರಡರಲ್ಲೊಂದು ಸುತ್ತು. ಅಲ್ಯೂಮಿನಿಯಂ ಹೆಡ್, ತೋಳಬಲ ತೋರಿಸುವ ಜಾಗವಲ್ಲ.

ಎರಡನೇ ಓಟ: 2,000ದಲ್ಲಿ 53, 3,000ದಲ್ಲಿ 59, 4,000ದಲ್ಲಿ 50, 5,000ದಲ್ಲಿ 37.

ಕೆಳಗಿನದು ಪೂರ್ತಿ ಬಂತು, ಮೇಲಿನದು ಕದಲಲಿಲ್ಲ. ಸೋರುವ ವಾಲ್ವ್ ಕೆಳಗೇ ಹೆಚ್ಚು ಕಾಡುವುದಕ್ಕೆ ಕಾರಣ ಸಮಯ: 1,500 ಆರ್‌ಪಿಎಂನಲ್ಲಿ ಪಿಸ್ಟನ್ ಮೇಲೇರಲು 20 ಮಿಲಿಸೆಕೆಂಡ್, 5,000ದಲ್ಲಿ 6. ಸೋರಿಹೋಗಲು ಮೂರು ಪಟ್ಟು ಹೊತ್ತು ಸಿಗುತ್ತದೆ.

ಸೈಲೆನ್ಸರ್ ಕಡೆ

ಒಳಬರುವ ಗಾಳಿಗೆ ತಡೆಯಿಲ್ಲ, ಪೆಟ್ರೋಲ್ ಸರಿ, ಕಂಪ್ರೆಷನ್ ಸರಿ, ಬೆಲ್ಟ್ ಸರಿ. 3,500ರ ಮೇಲೆ ಮಾತ್ರ ಸಾಯುವ ಎಂಜಿನ್‌ನಲ್ಲಿ ಇನ್ನು ಉಳಿದದ್ದು ಹೊಗೆ ಹೊರಹೋಗುವ ದಾರಿ. ಎಂಜಿನ್ ಸ್ವಲ್ಪ ಬಿಸಿಯಿರುವಾಗ 22ರ ಸ್ಪ್ಯಾನರ್‌ನಲ್ಲಿ ಮುಂದಿನ ಆಕ್ಸಿಜನ್ ಸೆನ್ಸರ್ ತೆಗೆದು, ಆ 18 ಮಿ.ಮೀ. ಮರೆಗೆ (ಥ್ರೆಡ್) ಕೂರುವ ಅಡಾಪ್ಟರ್ ಮತ್ತು ಒಂದು ಬಾರ್‌ವರೆಗಿನ ಗೇಜ್ ಹಾಕಬೇಕು. ಅಡಾಪ್ಟರ್ ಬೇಕಾದರೆ ಹಾಳಾದ ಹಳೆ ಸೆನ್ಸರ್‌ನ ಒಳಗನ್ನು ಕೊರೆದು ತಾಮ್ರದ ಟ್ಯೂಬ್ ಬೆಸೆದು ಮಾಡಿಕೊಳ್ಳಬಹುದು; ರಬ್ಬರ್ ಪೈಪ್ ಅಲ್ಲಿಂದ ಅರ್ಧ ಮೀಟರ್ ಆಚೆಗೆ ಇರಲಿ, ಇಲ್ಲದಿದ್ದರೆ ಕರಗುತ್ತದೆ. ಐಡಲ್‌ನಲ್ಲಿ 0.1 ಬಾರ್ ಒಳಗೆ, 2,500ರಲ್ಲಿ 0.2ರ ಒಳಗೆ ಇರಬೇಕು. ಇಲ್ಲಿ ಐಡಲ್ 0.08, ಪಾಸಾದ ಹಾಗೆ ಕಂಡಿತು. 2,500ರಲ್ಲಿ 0.28. ಲೋಡ್ ಇಲ್ಲದೆಯೇ 4,000ಕ್ಕೆ 0.6. ಐಡಲ್ ಅಂಕಿ ನೋಡಿ ಗೇಜ್ ಬಿಚ್ಚಿಬಿಟ್ಟಿದ್ದರೆ ದೋಷ ಕೈತಪ್ಪುತ್ತಿತ್ತು. ಹೊಗೆಯ ಹರಿವು ಎರಡು ಪಟ್ಟಾದರೆ ಇಕ್ಕಟ್ಟಿನ ತಡೆ ನಾಲ್ಕು ಪಟ್ಟಿನ ಹತ್ತಿರ ಹೋಗುತ್ತದೆ. ಕೆಳಗೆ ಸುಳಿವೇ ಕೊಡದ ಅಡಚಣೆ ಮೇಲೆ ಗೋಡೆಯಾಗುವುದು ಅದಕ್ಕೆ.

ಪೈಪ್ ಬಿಚ್ಚಿ ಟಾರ್ಚ್ ಬಿಟ್ಟಾಗ ಕ್ಯಾಟ್‌ನ (ಹೊಗೆಯ ವಿಷ ಕಳೆಯುವ ಕ್ಯಾಟಲಿಟಿಕ್ ಕನ್ವರ್ಟರ್) ಜೇನುಗೂಡಿನಂಥ ಸೆರಾಮಿಕ್ ಒಂದು ಕಡೆ ಕರಗಿ ಗಾಜಿನಂತೆ ಮುಚ್ಚಿಕೊಂಡಿತ್ತು. ಆಗ ಎರಡು ದೋಷದ ಲೆಕ್ಕ ಒಂದೇ ಆಯಿತು: ಬಿಗಿ ಟ್ಯಾಪೆಟ್‌ನಿಂದ ಎರಡನೇ ಸಿಲಿಂಡರ್ ಆಗಾಗ ಉರಿಯದೆ ಹಸಿ ಪೆಟ್ರೋಲ್ ಹೊರಗೆ ಬಿಟ್ಟಿದೆ, ಅದು ಕ್ಯಾಟ್ ಒಳಗೆ ಹೊತ್ತಿ ಸೆರಾಮಿಕ್ ಕರಗಿಸಿದೆ. ಕೆಳಗಿನ ಸೋಮಾರಿತನಕ್ಕೂ ಮೇಲಿನ ಉಸಿರುಕಟ್ಟಿಗೂ ತಾಯಿಬೇರು ಆ ಒಂದು ಸ್ಕ್ರೂ. ಕ್ಯಾಟ್ ಮಾತ್ರ ಹೊಸದು ಹಾಕಿ ಟ್ಯಾಪೆಟ್ ಬಿಟ್ಟಿದ್ದರೆ ಹೊಸದೂ ಹೀಗೇ ಹೋಗುತ್ತಿತ್ತು.

ಇಂಥಲ್ಲಿ ಸಿಗುವ ಸುಲಭ ಸಲಹೆ, ಕ್ಯಾಟ್ ಒಡೆದು ಖಾಲಿ ಡಬ್ಬ ಹಾಕಿಬಿಡಿ ಎಂಬುದು. ಮಾಡಬೇಡಿ. ಎಮಿಷನ್ ಟೆಸ್ಟ್‌ನಲ್ಲಿ ಸಿಕ್ಕಿಬೀಳುವುದು ಒಂದು ಕಡೆ. ಸರಿಯಿರುವ ಕ್ಯಾಟ್ ಈ ಪುಟ್ಟ ಎಂಜಿನ್‌ನಿಂದ ಕೀಳುವ ಪವರ್ ಅಷ್ಟೇನಿಲ್ಲ ಎಂಬುದನ್ನು ಕೆಳಗಿನ ಅಂಕಿಯೇ ಹೇಳುತ್ತದೆ. ಹಳೆಯದರಲ್ಲಿ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಇರುತ್ತದೆ, ಕೇಳಿ ವಾಪಸ್ ತೆಗೆದುಕೊಳ್ಳಿ.

ಜೋಡಿಸುವಾಗ: ತುಕ್ಕು ಹಿಡಿದ ಸ್ಟಡ್‌ಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ, ಎಲ್ಲ ಗ್ಯಾಸ್ಕೆಟ್ ಹೊಸದು, ಸೆನ್ಸರ್ ಮರೆಗೆ ಮಾತ್ರ ಆ್ಯಂಟಿ ಸೀಜ್, ತುದಿಗೆ ತಾಗಬಾರದು. ಸೆನ್ಸರ್‌ಗೆ ಮುಂಚೆ ಎಲ್ಲಿ ಹೊಗೆ ಸೋರಿದರೂ ಹೊರಗಿನ ಗಾಳಿ ಸೇರಿ ಟ್ರಿಮ್ ಕೆಡುತ್ತದೆ. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ ಸೈಲೆನ್ಸರ್ ತುದಿಯನ್ನು ಬಟ್ಟೆಯಲ್ಲಿ ಒಂದು ಕ್ಷಣ ಒತ್ತಿಹಿಡಿದರೆ ಸೋರುವ ಜಾಗ ತಾನೇ ಪಿಸುಗುಟ್ಟುತ್ತದೆ. ಹೊಸ ಕ್ಯಾಟ್ ಮೇಲೆ 2,500ರಲ್ಲಿ ಒತ್ತಡ 0.07 ಬಾರ್.

ಮೂರನೇ ಓಟ

2,000: 54 ಎನ್‌ಎಂ
3,000: 60
4,000: 61
5,000: 55

5,000ದಲ್ಲಿ 39 ಪಿಎಸ್, ಮೊದಲು 25.6 ಇತ್ತು. ಪೂರ್ತಿ ಥ್ರಾಟಲ್‌ನ ಮ್ಯಾಪ್ ಮಾತ್ರ 89ರಿಂದ 88ಕ್ಕೆ ಇಳಿದಿದೆ. ಇದು ದೋಷವಲ್ಲ, ಈಗ ನಿಜವಾಗಿ ಹೆಚ್ಚು ಗಾಳಿ ಹಾಯುತ್ತಿರುವುದರಿಂದ ಫಿಲ್ಟರ್ ತುಸು ಹೆಚ್ಚು ತಡೆಯುತ್ತಿದೆ.

ಬೆಟ್ಟದ ಲೆಕ್ಕ

ನಂದಿ ಬೆಟ್ಟದ ದಾರಿಯಲ್ಲಿ 100 ಮೀಟರ್‌ಗೆ 10 ಮೀಟರ್ ಏರುವ ಒಂದು ತುಂಡು ಎಂದಿಟ್ಟುಕೊಂಡು, ಅದೇ 865 ಕಿ.ಗ್ರಾಂ.ಗೆ ಗಂಟೆಗೆ 30 ಕಿ.ಮೀ. ವೇಗದ ಲೆಕ್ಕ. ಏರಿಗೆ 848 ನ್ಯೂಟನ್, ಟೈರ್ ಮತ್ತು ಗಾಳಿಗೆ ಸುಮಾರು 135, ಎಂಜಿನ್‌ನಿಂದ ಬೇಕಾದದ್ದು 9.1 ಕಿಲೋವ್ಯಾಟ್. ಮೂರನೇ ಗೇರ್‌ನಲ್ಲಿ ಆಗ 1,680 ಆರ್‌ಪಿಎಂ, 52 ಎನ್‌ಎಂ ಬೇಕು. ಸರಿಯಾದ ಎಂಜಿನ್ ಕೂಡ ಬೆಟ್ಟದ ಮೇಲಿನ ತೆಳು ಗಾಳಿಯಲ್ಲಿ ಅಲ್ಲಿ 48ರ ಸುತ್ತ ಕೊಡುತ್ತದೆ, ಹಾಗಾಗಿ ಪೆಡಲ್ ನೆಲಕ್ಕೆ ಒತ್ತಿದ್ದರೂ ವೇಗ ಇಳಿಯುತ್ತಲೇ ಹೋಗುತ್ತದೆ. ಎರಡನೇ ಗೇರ್‌ಗೆ ಹಾಕಿದರೆ 2,550 ಆರ್‌ಪಿಎಂ, ಬೇಕಾದದ್ದು 34 ಮಾತ್ರ, ಇರುವುದು 54ರ ಹತ್ತಿರ. ತಿರುವು ಮುಗಿದ ಮೇಲೆ ಗೇರ್ ಇಳಿಸಿದರೆ ಆರ್‌ಪಿಎಂ ಆಗಲೇ ಕುಸಿದಿರುತ್ತದೆ. ತಿರುವಿಗೆ ಮುಂಚೆಯೇ ಎರಡಕ್ಕೆ ಬರಬೇಕು, ಅರ್ಧ ಕ್ಲಚ್ ಒತ್ತಿ ಎಳೆಸಬಾರದು.

ಬಾಕಿ ಕೆಲಸ: 500 ಕಿ.ಮೀ. ಓಡಿದ ಮೇಲೆ ಎರಡನೇ ಸಿಲಿಂಡರ್ ಕಂಪ್ರೆಷನ್ ನೋಡಿದಾಗ 10.7. ಆ ವಾಲ್ವ್ ಮುಖ ಒಮ್ಮೆ ಬಿಸಿ ತಿಂದಿರುವುದರಿಂದ 5,000 ಕಿ.ಮೀ.ಗೆ ಆ ಸಿಲಿಂಡರ್ ಟ್ಯಾಪೆಟ್ ಮತ್ತೆ ಅಳೆಯಬೇಕು. ಗ್ಯಾಪ್ ಮತ್ತೆ ಕಿರಿದಾಗಿದ್ದರೆ ಸ್ಕ್ರೂ ತಿರುಗಿಸಿ ಕಳಿಸುವುದಲ್ಲ, ಹೆಡ್ ಇಳಿಸಿ ಸೀಟ್ ಕಟಿಂಗ್ ಮತ್ತು ವಾಲ್ವ್ ಬದಲು.